ದಿನದ ಚಪ್ಪಲಿಗೆ ಮೊದಲ ದುಡ್ಡು

ಹಂಪಾಪುರದ ಸುತ್ತಮುತ್ತ ಯಾವ ಮನೆಗೆ ಹೋದರೂ ಹೆಣ್ಣುಮಕ್ಕಳ ಚಪ್ಪಲಿ ಎರಡು ಕಡೆ ಇರುತ್ತವೆ. ಒಂದು ಜೊತೆ ಬೀರುವಿನ ಮೇಲೋ ಅಟ್ಟದಲ್ಲೋ ಡಬ್ಬದೊಳಗೆ, ಮದುವೆಗೆ, ಬೀಗರೂಟಕ್ಕೆ, ದಸರೆಗೆ ಅಂತ. ಇನ್ನೊಂದು ಜೊತೆ ಜಗಲಿಯ ಕೆಳಗೆ, ಹಿಮ್ಮಡಿ ಊರುವ ಜಾಗ ಪೂರಾ ಸವೆದು, ಕಿತ್ತ ಬಾರಿಗೆ ಪಿನ್ನು ಚುಚ್ಚಿಸಿಕೊಂಡು ಬಿದ್ದಿರುತ್ತದೆ. ಡಬ್ಬದೊಳಗಿನದಕ್ಕೆ ಸಾವಿರ ರೂಪಾಯಿ ಕೊಟ್ಟಿರುತ್ತಾರೆ, ಜಗಲಿಯ ಕೆಳಗಿನದಕ್ಕೆ ನೂರೈವತ್ತು. ಮೊದಲನೆಯದು ವರ್ಷದಲ್ಲಿ ಐದಾರು ದಿನ ಹೊರಗೆ ಬಂದರೆ ಹೆಚ್ಚು. ಉಳಿದ ಅಷ್ಟೂ ದಿನ ಮೈಯ ಭಾರ ಹೊರುವುದು ಎರಡನೆಯದು. ದುಡ್ಡು ಹೋಗಬೇಕಾದ್ದು ದಿನಾ ಮೆಟ್ಟುವ ಜೊತೆಗೆ. ಹಬ್ಬದ ಜೊತೆಗೆ ಉಳಿದದ್ದು ಸಾಕು.

ನಮ್ಮ ಕಡೆಯ ಹೆಂಗಸರ ದಿನ ಹೇಗಿರುತ್ತದೆ ನೋಡಿ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದಲ್ಲಿ ಮಳೆಗಾಲ ಬಂತೆಂದರೆ ಹೊಗೆಸೊಪ್ಪು ಮುರಿಯುವ ಕೆಲಸ, ಅದರ ಹಿಂದೆಯೇ ಶುಂಠಿ, ಹತ್ತಿ, ರಾಗಿ. ಆಶಾ ಕಾರ್ಯಕರ್ತೆ ಬೆಳಗ್ಗೆ ಮನೆ ಬಿಟ್ಟರೆ ಮನೆಮನೆ ಸುತ್ತಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಕತ್ತಲಿರುವಾಗಲೇ ವ್ಯಾನಿಗೆ ಕಾಯುತ್ತಾಳೆ. ಟೀಚರಮ್ಮ ದಿನವೆಲ್ಲ ಕರಿಹಲಗೆ ಮುಂದೆ ನಿಂತೇ ಇರುತ್ತಾರೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಶುರುವಾದ ಮೇಲೆ ಮೈಸೂರಿಗೆ ಹೋಗಿಬರುವ ಹೆಂಗಸರೂ ಹೆಚ್ಚಿದ್ದಾರೆ. ಕೆಂಪು ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕು, ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಹೋಗಬೇಕು, ಇಳಿದ ಮೇಲೆ ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆ ಸುತ್ತಬೇಕು. ಇಷ್ಟನ್ನೂ ಸವೆದ ಹವಾಯಿ ಚಪ್ಪಲಿಯಲ್ಲಿ ಮಾಡಿ, ರಾತ್ರಿ ಹಿಮ್ಮಡಿ ನೋವು ಅಂತ ಎಣ್ಣೆ ತಿಕ್ಕಿಕೊಳ್ಳುವವರು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ?

ಹೆಣ್ಣಿನ ಕಾಲಿಗೆ ಖರ್ಚು ಮಾಡುವುದು ದಂಡ ಅನ್ನುವ ಭಾವನೆಗೆ ಹಳೆಯ ಬೇರಿದೆ. ಹಿರಿಯರ ಎದುರು ಸೊಸೆ ಚಪ್ಪಲಿ ಮೆಟ್ಟಿ ನಡೆದರೆ ಮರ್ಯಾದೆಗೇಡು ಎನ್ನುತ್ತಿದ್ದ ಕಾಲ ತೀರಾ ದೂರದ್ದಲ್ಲ. ದಲಿತ ಕೇರಿಯವರು ಮೇಲುಕೇರಿ ದಾಟುವಾಗ ಗಂಡಾಗಲಿ ಹೆಣ್ಣಾಗಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟ ಜನರಿಗೇ ಮೆಟ್ಟುವ ಹಕ್ಕಿರಲಿಲ್ಲ. ಆ ಕಾಲ ದಾಟಿ ಬಂದ ನಾವು ಕಾಲಿಗೆ ಏನು ಹಾಕುತ್ತೇವೆ ಎಂಬುದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬಾರದು.

ಕೊಳ್ಳುವುದಕ್ಕೆ ಮೊದಲು ಅಳತೆ ಗೊತ್ತಿರಬೇಕು. ಬಹಳಷ್ಟು ಜನ ಮದುವೆಗೆ ಮುಂಚೆ ತಗೊಂಡ ನಂಬರನ್ನೇ ನಲವತ್ತು ದಾಟಿದರೂ ಹೇಳುತ್ತಾರೆ. ಪಾದ ಅಷ್ಟು ವರ್ಷ ಒಂದೇ ಅಳತೆಯಲ್ಲಿ ಇರುವುದಿಲ್ಲ. ಬಸುರಿಯಾದಾಗ ಗಂಟುಗಳ ಬಿಗಿ ಸಡಿಲಾಗಿ, ಮೈತೂಕವೂ ಏರಿ, ಪಾದದ ಕಮಾನು ತುಸು ಇಳಿಯುತ್ತದೆ. ಪಾದ ಉದ್ದವಾಗುತ್ತದೆ, ಅಗಲವೂ ಆಗುತ್ತದೆ. ಹಲವರಿಗೆ ಅದು ಹೆರಿಗೆಯ ನಂತರವೂ ಹಾಗೆಯೇ ಉಳಿಯುತ್ತದೆ. ಬಾಣಂತನ ಮುಗಿಸಿ ತವರಿನಿಂದ ಬಂದವಳಿಗೆ ಹಳೆಯ ಚಪ್ಪಲಿಗಳೆಲ್ಲ ಕಚ್ಚತೊಡಗುವುದು ಇದಕ್ಕೇ. ಒಂದೇ ದಿನದಲ್ಲೂ ಪಾದ ಬದಲಾಗುತ್ತದೆ. ಬೆಳಗ್ಗೆಗಿಂತ ಸಂಜೆಗೆ ಊದಿಕೊಂಡಿರುತ್ತದೆ. ಆದ್ದರಿಂದ ಸಂಜೆ ಹೊತ್ತು, ಗೋಡೆಗೆ ಹಿಮ್ಮಡಿ ತಾಗಿಸಿ, ಬಿಳಿ ಹಾಳೆಯ ಮೇಲೆ ನಿಂತುಕೊಂಡು, ಬೇರೆಯವರ ಕೈಲಿ ಪಾದದ ಸುತ್ತ ಗೆರೆ ಎಳೆಸಿ. ಕೂತು ಎಳೆಸಿದರೆ ಅಳತೆ ತಪ್ಪುತ್ತದೆ, ಭಾರ ಬಿದ್ದಾಗಲೇ ಪಾದ ಹರಡುವುದು. ಎರಡೂ ಕಾಲು ಎಳೆಸಿ. ದೊಡ್ಡ ಕಾಲಿನದ್ದೇ ನಿಮ್ಮ ಅಳತೆ. ಆ ಹಾಳೆಯನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಚಪ್ಪಲಿಯ ಮೇಲೆ ಹಾಳೆ ಇಟ್ಟು ನೋಡಿ, ಹಾಳೆ ಅಂಚಿನಾಚೆ ಇಣುಕಿದರೆ ಆ ಜೊತೆ ಎಷ್ಟೇ ಚೆನ್ನಾಗಿದ್ದರೂ ಬೇಡ.

ಅಂಗಡಿಗಳಲ್ಲಿ ಸಿಗುವ ನಂಬರುಗಳು ಹೊರದೇಶದವು. ನಾವು 5, 6 ಅನ್ನುವುದು ಬ್ರಿಟನ್ನಿನ ಲೆಕ್ಕ, ಒಂದು ನಂಬರಿಗೂ ಇನ್ನೊಂದಕ್ಕೂ ಅಂಗುಲದ ಮೂರನೇ ಒಂದು ಭಾಗ ವ್ಯತ್ಯಾಸ. 37, 38 ಅನ್ನುವುದು ಯೂರೋಪಿನ ಲೆಕ್ಕ. ಸುಮಾರಾಗಿ 5 ಅಂದರೆ 38. ಈ ಎರಡು ನಂಬರುಗಳೂ ಹೇಳುವುದು ಉದ್ದ ಮಾತ್ರ, ಅಗಲದ ಮಾತೇ ಇಲ್ಲ. ನಮ್ಮ ಪಾದಗಳದ್ದು ಅಗಲದ ತೊಂದರೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು ಯಂತ್ರದಲ್ಲಿ ಅಳೆದರು. ಪಾಶ್ಚಾತ್ಯರ ಪಾದಕ್ಕಿಂತ ನಮ್ಮದು ಅಗಲ ಎಂದು ಆ ಅಳತೆ ಹೇಳಿತು. ಅಗಲ ಸಾಲದೆ ಒಂದು ನಂಬರು ದೊಡ್ಡದು ಕೊಂಡುಕೊಳ್ಳುತ್ತೇವೆ, ಆಗ ಉದ್ದ ಹೆಚ್ಚಾಗಿ ಹಿಂದೆ ಲೊಟಪಟ ಅನ್ನುತ್ತದೆ, ಕಾಲು ಉಳುಕುತ್ತದೆ. ಆ ಅಧ್ಯಯನದ ಮೇಲೆ ನಮ್ಮದೇ ಅಳತೆಗೆ ‘ಭಾ’ ಎಂಬ ಹೆಸರನ್ನು ಸೂಚಿಸಿದ್ದಾರೆ. ಹೆಣ್ಣುಮಕ್ಕಳ ಪಾದ ಅತಿ ವೇಗವಾಗಿ ಬೆಳೆಯುವುದು ಸುಮಾರು ಹನ್ನೊಂದನೇ ವಯಸ್ಸಿಗೆ ಎಂಬುದೂ ಅದರಲ್ಲಿ ತಿಳಿದುಬಂತು. ಐದಾರನೇ ತರಗತಿಯ ಮಗಳ ಶೂ ಜೂನ್‌ನಲ್ಲಿ ಸರಿಯಿದ್ದು ಸಂಕ್ರಾಂತಿಗೆ ಕಚ್ಚಿದರೆ ಅವಳನ್ನು ಬೈಯಬೇಡಿ.

ಅಂಗಡಿಯಲ್ಲಿ ಒಂದು ಮಾತು ಎಲ್ಲರೂ ಕೇಳಿರುತ್ತೇವೆ: “ಈಗ ಸ್ವಲ್ಪ ಬಿಗಿ ಅನ್ಸುತ್ತೆ ಅಕ್ಕ, ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ.” ನಿಜವಾದ ಚರ್ಮ ಅಗಲದಲ್ಲಿ ತುಸು ಬಿಟ್ಟುಕೊಳ್ಳುತ್ತದೆ, ಉದ್ದದಲ್ಲಿ ಎಂದೂ ಇಲ್ಲ. ರೆಕ್ಸಿನ್ನು ಬಿಟ್ಟುಕೊಳ್ಳುವುದೇ ಇಲ್ಲ, ಬಿರಿಯುತ್ತದೆ. ಇವತ್ತು ಅಂಗಡಿಯಲ್ಲಿ ಒತ್ತಿದ್ದು ನಾಳೆ ಬಸ್ಸಿನಲ್ಲಿ ಗುಳ್ಳೆ ಏಳಿಸುತ್ತದೆ. ಎರಡೂ ಕಾಲಿಗೆ ಹಾಕಿ, ಕಾರ್ಪೆಟ್ ಬಿಟ್ಟು ಬರಿಯ ನೆಲದ ಮೇಲೆ ನಡೆದು ನೋಡಿ. ಶೂ ಆದರೆ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಆಮೇಲೆ ಕೈಗೆತ್ತಿಕೊಂಡು ಬಗ್ಗಿಸಿ. ನಡೆಯುವಾಗ ಪಾದ ಬಗ್ಗುವುದು ಬೆರಳುಗಳ ಬುಡದಲ್ಲಿ, ಅಟ್ಟೆಯೂ ಅಲ್ಲೇ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದು ಕಮಾನಿಗೆ ಆಸರೆ ಕೊಡುವುದಿಲ್ಲ. ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಸಲೀಸಾಗಿ ತಿರುಚಿಕೊಂಡರೆ ಹೊಲದ ಹಾದಿಯಲ್ಲಿ ಕಾಲು ಹೊರಳುತ್ತದೆ. ಕೊನೆಗೆ ಅಟ್ಟೆಯ ಕೆಳಗೆ ಗೆರೆಗಳು ಆಳವಾಗಿವೆಯೇ ನೋಡಿ. ಮದುವೆ ಛತ್ರದ ನುಣುಪು ಗ್ರಾನೈಟಿಗೂ ಹಸಿ ಕೆಮ್ಮಣ್ಣಿಗೂ ಬೇಕಾದ್ದು ಆ ಗೆರೆಗಳೇ.

ಹೀಲ್ಸ್ ಎತ್ತರವಾದಷ್ಟೂ ಮೈಯ ಭಾರ ಮುಂಗಾಲಿಗೆ ಜಾರುತ್ತದೆ, ಸೊಂಟ ಅದನ್ನು ಸರಿದೂಗಿಸಲು ಹಿಂದಕ್ಕೆ ಬಾಗುತ್ತದೆ. ಇದು ಎಲ್ಲರಿಗೂ ಗೊತ್ತಿದೆ. ಅಷ್ಟು ಗೊತ್ತಿಲ್ಲದ್ದು, ತೀರಾ ಚಪ್ಪಟೆಯೂ ಕೆಟ್ಟದ್ದೇ ಅನ್ನುವುದು. ತೆಳು ಅಟ್ಟೆಯ ಫ್ಲ್ಯಾಟ್ಸ್‌ನಲ್ಲಿ ಸಿಮೆಂಟಿನ ಮೇಲೆ ದಿನವೆಲ್ಲ ನಿಂತರೆ ಹಿಮ್ಮಡಿಯಿಂದ ಬೆರಳಿನವರೆಗೆ ಹಾಸಿರುವ ಗಟ್ಟಿ ಪೊರೆ ಎಳೆದು ಎಳೆದು ಊದಿಕೊಳ್ಳುತ್ತದೆ. ಬೆಳಗ್ಗೆ ಹಾಸಿಗೆ ಬಿಟ್ಟು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದಂತಾಗುವ ನೋವು ಅದರದ್ದು. ನಲವತ್ತು ದಾಟಿದವರಲ್ಲಿ ಬಹಳ ಕಾಣುತ್ತದೆ. ಒಂದರಿಂದ ಒಂದೂವರೆ ಅಂಗುಲ ಎತ್ತರದ, ಅಗಲವಾದ ಹಿಮ್ಮಡಿ ದಿನದ ಬಳಕೆಗೆ ಎಲ್ಲಕ್ಕಿಂತ ಒಳ್ಳೆಯದು. ಟೀಚರಮ್ಮಂದಿರಿಗೆ, ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಡಬ್ಬದೊಳಗಿನ ಜೊತೆಯ ಕತೆ. ಎರಡು ಮೂರು ವರ್ಷ ಜೋಪಾನವಾಗಿಟ್ಟ ಸ್ಯಾಂಡಲ್ಸನ್ನು ಮದುವೆಯ ಬೆಳಗ್ಗೆ ತೆಗೆದು ಮೆಟ್ಟಿದರೆ ಛತ್ರ ಸೇರುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಇದು ಅಂಗಡಿಯವನ ಮೋಸ ಎಂದುಕೊಳ್ಳುತ್ತಾರೆ. ನಿಜವಾದ ಕಾರಣ ಅಟ್ಟೆಯ ಪಿಯು, ಅಂದರೆ ಪಾಲಿಯುರೆಥೇನ್. ಗಾಳಿಯ ತೇವವೇ ಅದರ ಒಳಗಿನ ಕೊಂಡಿಗಳನ್ನು ನಿಧಾನವಾಗಿ ಕಡಿಯುತ್ತದೆ. ಕಬಿನಿ ಕಡೆಯ ಮಳೆಗಾಲದ ತೇವ ಅದಕ್ಕೆ ಸಾಕು. ನಡೆದಾಡುತ್ತಿದ್ದ ಜೊತೆಗಿಂತ ಮುಚ್ಚಿಟ್ಟ ಜೊತೆಯೇ ಎಷ್ಟೋ ಸಲ ಬೇಗ ಪುಡಿಯಾಗುತ್ತದೆ. ಪಿಯು ಹಗುರ, ಮೆತ್ತಗೆ, ದಿನಾ ಹಾಕಲು ಒಳ್ಳೆಯದೇ. ಡಬ್ಬದಲ್ಲಿಟ್ಟು ಕಾಯುವುದಕ್ಕೆ ಮಾತ್ರ ಅಲ್ಲ. ವರ್ಷಕ್ಕೆ ಐದು ದಿನ ಹಾಕುವ ಜೊತೆಗೆ ರಬ್ಬರ್ ಅಥವಾ ಟಿಪಿಆರ್ ಅಟ್ಟೆ ಕೇಳಿ ತಗೊಳ್ಳಿ. ಹವಾಯಿ ಥರದ ಹಗುರ ಇವಿಎ ಅಟ್ಟೆ ತೇವಕ್ಕೆ ಜಗ್ಗುವುದಿಲ್ಲ, ಆದರೆ ಭಾರ ಬಿದ್ದು ಬಿದ್ದು ಅದುಮಿಕೊಂಡು ಮೆತ್ತನೆಯ ಗುಣ ಕಳೆದುಕೊಳ್ಳುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಮತ್ತೆ ಮೇಲೆದ್ದು ಬರದಿದ್ದರೆ, ನೋಡಲು ಚೆನ್ನಾಗಿದ್ದರೂ ಅದರ ಕೆಲಸ ಮುಗಿದಿದೆ.

ಹೊಲದ ಮಾತಿಗೆ ಬಂದರೆ ಅಂದಚೆಂದ ಆಮೇಲೆ, ಮೊದಲು ಜೀವ. ಹಾವು ಕಚ್ಚುವುದು ಬಹುಪಾಲು ಕಾಲಿಗೇ. ನಮ್ಮ ಹೊಗೆಸೊಪ್ಪಿನ ಸಾಲುಗಳಲ್ಲಿ, ಗದ್ದೆ ಬದುಗಳಲ್ಲಿ ಕೊಳಕುಮಂಡಲವೂ ಇದೆ, ನಾಗರವೂ ಇದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು, ಅಷ್ಟು ದೊಡ್ಡ ಸಮಸ್ಯೆ ಇದು. ಮನೆಯಲ್ಲಿ ಗಂಡಸರಿಗೆ ಒಂದು ಜೊತೆ ಗಮ್‌ಬೂಟು ಇರುತ್ತದೆ. ಅದೇ ಸಾಲಿನಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸು ಬರಿಗಾಲಲ್ಲಿ ಇರುತ್ತಾಳೆ. ಹೆಂಗಸರ ಅಳತೆಯ ಗಮ್‌ಬೂಟು ಸಿಗುತ್ತದೆ, ಕೇಳಿದರೆ ಅಂಗಡಿಯವರು ತರಿಸಿಕೊಡುತ್ತಾರೆ. ಸೀರೆಯನ್ನು ಮೊಳಕಾಲಿಗೆ ಎತ್ತಿಕಟ್ಟಿ ಅಥವಾ ಹಳೆಯ ಪ್ಯಾಂಟಿನ ಮೇಲೆ ಹಾಕಿದರೆ ಕೆಲಸಕ್ಕೆ ಅಡ್ಡಿಯಿಲ್ಲ. ಕೆಸರಲ್ಲಿ ದಿನವೆಲ್ಲ ನಿಂತು ಬೆರಳಸಂದಿಗೆ ಕೆಸರುಹುಣ್ಣು ಆಗುವುದೂ ತಪ್ಪುತ್ತದೆ. ಸಂಜೆ ಬೂಟಿನೊಳಗೆ ಒದ್ದೆಯಿದ್ದರೆ ತಲೆಕೆಳಗು ಮಾಡಿ ಇಡಿ. ಬೆಳಗ್ಗೆ ಹಾಕುವ ಮುನ್ನ ಒಮ್ಮೆ ಕೊಡವಿ, ಚೇಳು ಸೇರಿಕೊಂಡಿರಬಹುದು.

ಚಪ್ಪಲಿ ಎಂದರೆ ಕೊಲ್ಹಾಪುರಿ ಎನ್ನುವವರಿಗೆ ಒಂದು ಮಾತು. ಆ ಹೆಸರಿನ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. ಅಥಣಿ, ನಿಪ್ಪಾಣಿ ಕಡೆಯ ಕುಟುಂಬಗಳು ತಲೆಮಾರುಗಳಿಂದ ಇದನ್ನು ಮಾಡುತ್ತಿವೆ. ಹೆಣೆಯುವ, ಹೊಲಿಯುವ ನಾಜೂಕು ಕೆಲಸ ಹೆಚ್ಚಾಗಿ ಹೆಂಗಸರದ್ದೇ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯ ಸ್ಯಾಂಡಲ್ ತೋರಿಸಿ, ಮೂಲದ ಹೆಸರೇ ಹೇಳಲಿಲ್ಲ ಎಂದು ದೊಡ್ಡ ಗದ್ದಲವಾಯಿತಲ್ಲ, ಆಗ ಮಹಾರಾಷ್ಟ್ರದ ಹೆಸರು ಕೇಳಿದಷ್ಟು ಅಥಣಿಯ ಹೆಸರು ಕೇಳಲಿಲ್ಲ. ನನಗೆ ಅದರ ಬೇಸರ ಇನ್ನೂ ಇದೆ. ಈ ಚಪ್ಪಲಿಯನ್ನು ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮದಲ್ಲಿ, ಮೊಳೆಯಿಲ್ಲದೆ, ಚರ್ಮದ ದಾರದಲ್ಲೇ ಹೊಲಿಯುತ್ತಾರೆ. ಹಾಕುತ್ತ ಹೋದಂತೆ ನಿಮ್ಮ ಪಾದದ ಅಚ್ಚು ಅದರಲ್ಲಿ ಕೂರುತ್ತದೆ. ಆದರೆ ನೀರಿಗೂ ಇದಕ್ಕೂ ಆಗದು. ದೀಪಾವಳಿ ಕಳೆದ ಮೇಲಿನಿಂದ ಮುಂಗಾರು ಹಿಡಿಯುವವರೆಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಮಳೆ ಶುರುವಾದರೆ ಒರೆಸಿ, ಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ರಾಜ್ಯದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1976ರಲ್ಲಿ ಶುರುವಾದ ಲಿಡ್ಕರ್, ಇದನ್ನು ತನ್ನ ಮಳಿಗೆಗಳಲ್ಲಿ ಮಾರುತ್ತದೆ.

ಉಡುಗೆಗೆ ಹೊಂದಿಸುವ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಇರುವ ಪ್ರಶ್ನೆಗಳು ಪೇಟೆ ಪತ್ರಿಕೆಗಳಲ್ಲಿ ಬರುವುದಿಲ್ಲ. ಮೊದಲನೆಯದು ಕಾಲುಂಗುರ. ಮುಚ್ಚಿದ ಶೂ ಒಳಗೆ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಒತ್ತಿ ಕಪ್ಪು ಗಂಟು ಮಾಡುತ್ತದೆ. ಇದಕ್ಕಾಗಿ ಶೂ ಬಿಡಬೇಕಿಲ್ಲ, ಉಂಗುರ ತೆಗೆಯಬೇಕೂ ಇಲ್ಲ. ಬೆರಳಿನ ಭಾಗ ಅಗಲವಾಗಿ, ಎತ್ತರವಾಗಿ ಇರುವ, ಮೇಲ್ಭಾಗ ಬಟ್ಟೆಯದ್ದೋ ಹೆಣಿಗೆಯದ್ದೋ ಆಗಿರುವ ಶೂ ಆರಿಸಿ, ಒಳಗೆ ಹತ್ತಿ ಸಾಕ್ಸ್ ಹಾಕಿ. ಸ್ಯಾಂಡಲ್ಸ್ ಆದರೆ ಅಡ್ಡಪಟ್ಟಿ ಎರಡನೇ ಬೆರಳಿನ ಬುಡದ ಮೇಲೆ ಕೂರದಂತೆ ನೋಡಿ. ಎರಡನೆಯದು ಗೆಜ್ಜೆ, ಕಾಲುಚೈನು. ಕಣಕಾಲಿಗೆ ಬಕಲ್ ಕಟ್ಟುವ ಸ್ಯಾಂಡಲ್ಸ್‌ನಲ್ಲಿ ಅದು ಸಿಕ್ಕಿಕೊಂಡು ಹರಿಯುತ್ತದೆ. ಪಟ್ಟಿ ಹಿಮ್ಮಡಿಯ ಹಿಂದೆ ಹಾಯುವ ಮಾದರಿ ತಗೊಂಡರೆ ಎರಡೂ ಉಳಿಯುತ್ತವೆ.

ಮೂರನೆಯದು ಬಿಚ್ಚಿ ಹಾಕುವ ಕಾಟ. ಮನೆ, ದೇವಸ್ಥಾನ, ಅಂಗನವಾಡಿ, ನೆಂಟರ ಪಡಸಾಲೆ, ಎಷ್ಟೋ ಕಡೆ ಕ್ಲಿನಿಕ್ಕು, ಎಲ್ಲೆಲ್ಲೂ ಹೊರಗೇ ಬಿಡಬೇಕು. ಲೇಸಿನ ಶೂ ನಮ್ಮ ಹೆಂಗಸರಿಗೆ ಒಗ್ಗದೆ ಹೋದದ್ದಕ್ಕೆ ಇದೂ ಒಂದು ಕಾರಣ. ಹಾಗಂತ ಹಿಂಬದಿ ಪಟ್ಟಿಯೇ ಇಲ್ಲದ ಚಪ್ಪಲಿಗೆ ಬಿದ್ದರೆ ಪ್ರತಿ ಹೆಜ್ಜೆಗೂ ಬೆರಳುಗಳು ಅದನ್ನು ಕಚ್ಚಿ ಹಿಡಿಯಬೇಕು, ಮೀನಖಂಡ ಸೋಲುತ್ತದೆ. ವೆಲ್ಕ್ರೋ ಅಥವಾ ಎಲಾಸ್ಟಿಕ್ ಹಿಂಪಟ್ಟಿ ಇರುವುದು ಬಗ್ಗದೆ ಹಾಕಿಕೊಳ್ಳಲೂ ಬರುತ್ತದೆ, ಕಾಲಲ್ಲಿ ನಿಲ್ಲುತ್ತದೆ ಕೂಡ. ಸ್ಕೂಟರ್ ಓಡಿಸುವವರಂತೂ ಹಿಂಪಟ್ಟಿಯಿಲ್ಲದ್ದನ್ನು ಹಾಕಲೇಬಾರದು. ಬ್ರೇಕ್ ಹಿಡಿದು ಕಾಲು ಊರುವಾಗ ಚಪ್ಪಲಿ ಜಾರಿದರೆ ಗಾಡಿಯೂ ಬೀಳುತ್ತದೆ.

ಬಣ್ಣದಲ್ಲಿ ನಮ್ಮ ಮಣ್ಣನ್ನು ಗಮನಿಸಿ. ಕೆಂಧೂಳಿಯಲ್ಲಿ ಕಪ್ಪು ಚಪ್ಪಲಿ ಬೆಳಗ್ಗೆ ಹತ್ತಕ್ಕೇ ಮಾಸಿ ಕಾಣುತ್ತದೆ, ಬಿಳಿ ಶೂ ಒಂದೇ ವಾರಕ್ಕೆ. ಕಂದು, ಬಿಸ್ಕತ್ತು ಬಣ್ಣ, ತಾಮ್ರದ ಬಣ್ಣ ಧೂಳನ್ನು ತೋರಿಸುವುದಿಲ್ಲ, ಹತ್ತಿ ಸೀರೆಗೂ ಚೂಡಿದಾರಕ್ಕೂ ಸಲ್ಲುತ್ತದೆ. ಮೈಬಣ್ಣಕ್ಕೆ ಹತ್ತಿರದ ಬಣ್ಣವಾದರೆ ಕಾಲು ನೀಳವಾಗಿ ಕಾಣುತ್ತದೆ. ಗಿಡ್ಡಗಿರುವವರು ಕಣಕಾಲಿಗೆ ಅಡ್ಡಪಟ್ಟಿ ಇರುವುದಕ್ಕಿಂತ ಪಾದದ ಮೇಲೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ತೆರೆದಿರುವುದನ್ನು ಆರಿಸಿದರೆ ಎತ್ತರ ಕಡಿಮೆ ಅನ್ನಿಸುವುದಿಲ್ಲ. ರೇಷ್ಮೆ ಸೀರೆಗೊಂದು ಬಣ್ಣ, ಲೆಹಂಗಾಕ್ಕೊಂದು ಬಣ್ಣ ಅಂತ ಸಾಲು ಜೊತೆ ಬೇಡ. ಮಾಸಲು ಚಿನ್ನದ ಬಣ್ಣದ, ಅಗಲ ಹಿಮ್ಮಡಿಯ ಒಂದೇ ಜೊತೆ ಎಲ್ಲ ಜರಿಗೂ ಹೊಂದುತ್ತದೆ. ಪೆನ್ಸಿಲ್ ಹೀಲ್ಸ್ ನಮ್ಮೂರ ಮದುವೆಗೆ ಸಲ್ಲದು. ಶಾಮಿಯಾನ ಹಾಕಿರುವುದು ಉತ್ತ ನೆಲದ ಮೇಲೆ, ಹಿಮ್ಮಡಿ ಹೂತುಕೊಳ್ಳುತ್ತದೆ. ಸೀರೆ ಉಡುವಾಗ ಚಪ್ಪಲಿ ಮೆಟ್ಟಿಯೇ ನೆರಿಗೆ ಹಿಡಿಯಿರಿ, ಇಲ್ಲದಿದ್ದರೆ ಅಂಚು ಒಂದೋ ನೆಲ ಗುಡಿಸುತ್ತದೆ, ಒಂದೋ ಮೇಲೇರಿ ಕಾಣುತ್ತದೆ. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಲು ನಾಚಿಕೆ ಯಾಕೆ? ಗಾಢ ಬಣ್ಣದ, ಸರಳವಾದ ಜೊತೆಯಾದರೆ ಅಂಚಿನ ಕೆಳಗೆ ಕಣ್ಣಿಗೆ ಬೀಳುವುದೂ ಇಲ್ಲ. ಮನೆಮನೆ ಸುತ್ತುವ ಕೆಲಸದವರು ಯಾರ ಮಾತಿಗೂ ಕಿವಿಗೊಡದೆ ಹಾಕಬೇಕು.

ಸಕ್ಕರೆ ಕಾಯಿಲೆ ಇರುವ ತಾಯಂದಿರ ಚಪ್ಪಲಿ ಬೇರೆಯೇ ವಿಷಯ. ನರ ಸೋತು ಪಾದ ಮರಗಟ್ಟಿದ್ದರೆ ಚಪ್ಪಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ, ಮುಳ್ಳು ಹೊಕ್ಕಿದ್ದೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ಹುಣ್ಣಾಗಿ ಬೆರಳು ಕಳೆದುಕೊಂಡವರಿದ್ದಾರೆ. ಉಂಗುಟದ ಚಪ್ಪಲಿ ಅವರಿಗೆ ಬೇಡವೇ ಬೇಡ, ಬೆರಳಸಂದಿಯಲ್ಲೇ ಗಾಯ ಮಾಡುವುದು ಅದು. ಎಂಸಿಆರ್ ಚಪ್ಪಲಿ ಎಂದು ಕೇಳಿ ಪಡೆಯಿರಿ. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರಿನ ಒಳಹಾಸು, ಕೆಳಗೆ ಮುಳ್ಳು ಹೊಗದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗಾಗಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಯವರು ರೂಢಿಗೆ ತಂದದ್ದು ಈ ರಬ್ಬರು. ನೋಡಲು ಆಸ್ಪತ್ರೆ ಚಪ್ಪಲಿಯಂತೆ ಇರುತ್ತದೆ ಅಂತ ಅವ್ವ ಹಾಕಲು ಒಪ್ಪದಿದ್ದರೆ, ಈಗ ಬಣ್ಣಬಣ್ಣದ ಪಟ್ಟಿಗಳಲ್ಲೂ ಮಾಡಿಕೊಡುವವರಿದ್ದಾರೆ. ದೇವಸ್ಥಾನದ ಸುತ್ತ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅವರನ್ನು ಬರಿಗಾಲಲ್ಲಿ ನಡೆಸಬೇಡಿ, ಸಾಕ್ಸ್ ಹಾಕಿಸಿ.

ಚಪ್ಪಲಿ ಹೊಲಿಯುವವರ ಹತ್ತಿರ ಕಿತ್ತ ಮೇಲೆ ಹೋಗುವುದಕ್ಕಿಂತ ಹೊಸದರಲ್ಲೇ ಹೋಗುವುದು ಲಾಭ. ಅಂಟಿನಿಂದ ಕೂಡಿಸಿದ ಅಟ್ಟೆಯನ್ನು ಸುತ್ತ ನೈಲಾನ್ ದಾರದಲ್ಲಿ ಹೊಲಿಸಿಬಿಟ್ಟರೆ ಒಂದು ಮಳೆಗಾಲ ಹೆಚ್ಚು ಬರುತ್ತದೆ. ಬಸ್ ಸ್ಟ್ಯಾಂಡ್ ಪಕ್ಕ ಕೂರುವ ಹಿರಿಯರೊಬ್ಬರು ನನ್ನ ಸ್ಯಾಂಡಲ್ಸ್ ತಿರುಗಿಸಿ ನೋಡಿ, “ಹಿಮ್ಮಡಿ ಹೊರಗಡೆ ಸವೆದ್ರೆ ಪರ್ವಾಗಿಲ್ಲ ಕಣವ್ವ, ಎಲ್ರುದೂ ಅಂಗೇ. ಒಳಗಡೆ ಸವೀತಿದ್ರೆ ಪಾದ ಚಪ್ಪಟೆ ಅಂತ. ಅಂಥವ್ರಿಗೆ ನಾನು ಒಳಗೊಂದು ದಪ್ಪ ಪಟ್ಟಿ ಕೂರಿಸಿಕೊಡ್ತೀನಿ” ಅಂದರು. ಕಾಲಿನ ಡಾಕ್ಟರೂ ಮೊದಲು ನೋಡುವುದು ಅಟ್ಟೆ ಎಲ್ಲಿ ಸವೆದಿದೆ ಎಂಬುದನ್ನೇ.

ಇಷ್ಟಕ್ಕೆಲ್ಲ ದುಡ್ಡೆಲ್ಲಿ ಅಂದರೆ, ಹೊಸದಾಗಿ ಹುಡುಕಬೇಕಿಲ್ಲ. ನೂರೈವತ್ತರ ಚಪ್ಪಲಿ ವರ್ಷಕ್ಕೆ ಮೂರು ಜೊತೆ ಸವೆದರೆ ನಾನೂರೈವತ್ತು, ಡಬ್ಬದ ಜೊತೆಯ ಸಾವಿರ ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಅದೇ ಹಣದಲ್ಲಿ ದಿನಕ್ಕೊಂದು ಗಟ್ಟಿ ಜೊತೆ, ಮಳೆಗೊಂದು ನೀರಿಗೆ ಜಗ್ಗದ ಜೊತೆ ಬರುತ್ತದೆ. ಎರಡನ್ನೂ ಅದಲುಬದಲು ಹಾಕಿದರೆ ಒಂದು ಒಣಗುವಷ್ಟರಲ್ಲಿ ಇನ್ನೊಂದು ಕೆಲಸಕ್ಕೆ ಬರುತ್ತದೆ.

ಮನೆಗೆ ತಂದ ಜೊತೆಯನ್ನು ತಕ್ಷಣ ಬೀದಿಗೆ ಇಳಿಸಬೇಡಿ. ಬಿಲ್ಲು, ಡಬ್ಬ ಎರಡನ್ನೂ ಎತ್ತಿಟ್ಟು, ಚಾಪೆ ಹಾಸಿ ಅದರ ಮೇಲೆ ಸಂಜೆ ಅರ್ಧ ಗಂಟೆ ಓಡಾಡಿ. ಎಲ್ಲಾದರೂ ಕೆಂಪಗಾಗಿದೆಯೇ ಅಂತ ಬೆರಳಸಂದಿ, ಹಿಮ್ಮಡಿಯ ಹಿಂಭಾಗ, ಕಿರುಬೆರಳಿನ ಪಕ್ಕ ನೋಡಿ. ಆಗಿದ್ದರೆ ಮರುದಿನವೇ ವಾಪಸು ಒಯ್ಯಿರಿ. ಅಟ್ಟೆಗೆ ಮಣ್ಣು ತಾಗದಿದ್ದರೆ ಹೆಚ್ಚಿನ ಅಂಗಡಿಯವರು ಬದಲಾಯಿಸಿಕೊಡುತ್ತಾರೆ. ಬಸ್ಸಿಗೆ ಟಿಕೆಟ್ಟಿನ ಖರ್ಚೂ ಇಲ್ಲವಲ್ಲ, ಹೋಗಿ ಬನ್ನಿ.